ಮೆಟಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಆಲ್ಬಮ್ ಯಾವುದು? ಭಾವ–ಭಾಮೈದನ ಜಗಳಕ್ಕೊಂದು ತೀರ್ಪು

ಪ್ರಶ್ನೆ: 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಹೆವಿ ಮೆಟಲ್ (ಭಾರೀ ಸದ್ದಿನ ರಾಕ್ ಸಂಗೀತ) ತಂಡ ಮೆಟಾಲಿಕಾ ನೋಡಿ ಬಂದಾಗಿನಿಂದ ನಮ್ಮ ಭಾವ ಅವರ 'ಮಾಸ್ಟರ್ ಆಫ್ ಪಪೆಟ್ಸ್' ಬಿಟ್ಟರೆ ಬೇರೆ ಆಲ್ಬಮ್ಮೇ ಇಲ್ಲ ಅನ್ನುತ್ತಾರೆ. ನಾನು ಇಂಗ್ಲೆಂಡಿನ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಪರ. ಅದು ಬರದಿದ್ದರೆ ಮೆಟಲ್ಲೇ ಇರುತ್ತಿರಲಿಲ್ಲ ಅಲ್ವಾ? ಅಕ್ಕ ಮಾತ್ರ "ಜಾಸ್ತಿ ಮಾರಾಟ ಆಗಿದ್ದೇ ದೊಡ್ಡದು" ಅಂತ ಹೇಳಿ ಎದ್ದು ಹೋಗುತ್ತಾಳೆ. ಹಬ್ಬಕ್ಕೆ ಸೇರಿದಾಗಲೆಲ್ಲ ಇದೇ ಜಗಳ. ಇದಕ್ಕೆ ಅಳತೆ ಯಾವುದು?
— ಓದುಗರೊಬ್ಬರು, ಹಾಸನ

ಉತ್ತರ: ಅಕ್ಕನ ಲೆಕ್ಕವನ್ನು ಮೊದಲು ಮುಗಿಸೋಣ. ಮಾರಾಟವೇ ಅಳತೆಯಾದರೆ 1991ರ ಮೆಟಾಲಿಕಾದ 'ಕಪ್ಪು ಆಲ್ಬಮ್' ಮುಂದೆ ನಿಲ್ಲುವವರು ಕಡಿಮೆ. ಅಮೆರಿಕ ಒಂದರಲ್ಲೇ ಒಂದೂವರೆ ಕೋಟಿಗೂ ಜಾಸ್ತಿ ಹೋಗಿದೆ. ಒಳ್ಳೆಯ ಆಲ್ಬಮ್ಮೇ. ಆದರೆ ಮೆಟಲ್ ಕೇಳದವರೂ ಕೊಂಡಿದ್ದರಿಂದ ಬಂದ ಸಂಖ್ಯೆ ಅದು. ಮೆಟಲ್‌ನ ಜಗಳಕ್ಕೆ ಅದನ್ನು ಸಾಕ್ಷಿಗೆ ಕರೆಯೋದು ಬೇಡ.

ಇನ್ನು ನಿಮ್ಮ ವಾದ. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ 1970ರ ಫೆಬ್ರುವರಿಯಲ್ಲಿ ಬಂತು. ಹೆಚ್ಚುಕಮ್ಮಿ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ದು. ಶುರುವಿನ ಮಳೆ, ಗಂಟೆ, ಆಮೇಲೆ ಬೀಳುವ ಆ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ಸಾಲು) ಇವತ್ತಿಗೂ ಬೆನ್ನು ಚಳಿ ಹುಟ್ಟಿಸುತ್ತದೆ. ಆದರೆ ಪೂರ್ತಿ ಕೇಳಿ ನೋಡಿ. ಇಂಗ್ಲೆಂಡಿನಲ್ಲಿ ಬಂದ ಆ ಆಲ್ಬಮ್‌ನಲ್ಲಿ ಎರಡು ಹಾಡು ಬೇರೆ ತಂಡಗಳವು. ಉಳಿದದ್ದರಲ್ಲೂ ಬ್ಲೂಸ್ (ರಾಕ್‌ಗೂ ಹಿಂದಿನ, ಅಮೆರಿಕದ ಕಪ್ಪು ಜನರ ಸಂಗೀತ) ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲ. ದಾರಿ ತೆರೆದ ಆಲ್ಬಮ್ ಅದು, ಸರಿ. ಆದರೆ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಆಗ ಅವರಿಗೇ ಗೊತ್ತಿರಲಿಲ್ಲ.

ಭಾವನ ಕಡೆ ತೂಕ ಜಾಸ್ತಿ. 1986ರ 'ಮಾಸ್ಟರ್ ಆಫ್ ಪಪೆಟ್ಸ್'ನಲ್ಲಿ ಎಂಟು ಹಾಡು, ಸುಮಾರು 55 ನಿಮಿಷ. ಎದ್ದು ಹೋಗಬೇಕು ಅನ್ನಿಸುವ ಜಾಗ ಇಲ್ಲ. ಹೆಸರಿನ ಹಾಡಿನ ರಿಫ್ ಅನ್ನು ತಂಡದ ಗಾಯಕ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಅಷ್ಟು ವೇಗದಲ್ಲೂ ತಂತಿಯನ್ನು ಕೆಳಗಡೆಗೇ ಹೊಡೆಯುತ್ತಾರೆ. ಮೇಲೆ–ಕೆಳಗೆ ಹೊಡೆದರೆ ಕೈಗೆ ಸುಲಭ, ಆದರೆ ಆ ಏಟಿನ ಸದ್ದು ಬರೋದಿಲ್ಲ. ಗಿಟಾರ್ ಇದ್ದವರು ಮನೆಯಲ್ಲಿ ಒಂದು ಸಲ ಹೊಡೆದು ನೋಡಲಿ, ಮೊಣಕೈ ಹೇಳುತ್ತದೆ. 2016ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿತು. ಆ ಪಟ್ಟಿಗೆ ಸೇರಿದ ಮೊದಲ ಮೆಟಲ್ ಆಲ್ಬಮ್ ಇದೇ.

ಆದರೆ ಭಾವನಿಗೆ ಒಂದು ಪ್ರಶ್ನೆ ಹಾಕಿ: ಅದಕ್ಕೂ ಹಿಂದಿನ 'ರೈಡ್ ದ ಲೈಟ್ನಿಂಗ್' ಜೊತೆ ಇಟ್ಟು ಕೇಳಿದ್ದೀರಾ? ಎರಡೂ ಮೆತ್ತಗಿನ ಗಿಟಾರ್‌ನಿಂದ ಶುರುವಾಗಿ ಹಠಾತ್ತನೆ ಓಟ ಹಿಡಿಯುತ್ತವೆ. ಎರಡರಲ್ಲೂ ಎರಡನೆಯದು ಹೆಸರಿನ ಹಾಡು, ನಾಲ್ಕನೆಯದು ನಿಧಾನವಾಗಿ ಏರುವ ಹಾಡು, ಕೊನೆಯ ಹತ್ತಿರ ಮಾತಿಲ್ಲದ ಒಂದು. ಅಚ್ಚು ಅದೇ, ಎರಕ ಮಾತ್ರ ಇನ್ನೂ ಚೆನ್ನಾಗಿದೆ.

ಹಾಗಾದರೆ ನನ್ನ ಅಳತೆ? ಆ ಆಲ್ಬಮ್ ಬಂದ ಮೇಲೆ ಉಳಿದವರ ಗಿಟಾರ್ ಮೊದಲಿನಂತೆ ಉಳಿಯಬಾರದು. ಜೊತೆಗೆ, ಮಾಡುತ್ತಿರುವುದು ಏನೆಂದು ತಂಡಕ್ಕೆ ಗೊತ್ತಿರಬೇಕು. ಹೀಗೆ ನೋಡಿದರೆ ನನ್ನ ಮತ ನೀವಿಬ್ಬರೂ ಹೇಳದ ಆಲ್ಬಮ್‌ಗೆ: ಸಬ್ಬತ್‌ನ ಮೂರನೆಯದು, 1971ರ 'ಮಾಸ್ಟರ್ ಆಫ್ ರಿಯಾಲಿಟಿ'.

ಸಬ್ಬತ್‌ನ ಟೋನಿ ಅಯೋಮಿ ಎಡಗೈ ಗಿಟಾರಿಸ್ಟ್. ತಂತಿ ಒತ್ತೋದು ಬಲಗೈಯಲ್ಲಿ. ಹದಿನೇಳರ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಅದೇ ಕೈಯ ಎರಡು ಬೆರಳಿನ ತುದಿ ಹೋಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು. ತೆಳು ತಂತಿ ಹಾಕಿಕೊಂಡರು. ಮೂರನೇ ಆಲ್ಬಮ್‌ಗೆ ಬರುವಷ್ಟರಲ್ಲಿ ಕೆಲವು ಹಾಡಿಗೆ ಶ್ರುತಿಯನ್ನೇ ಮೂರು ಫ್ರೆಟ್‌ನಷ್ಟು (ಗಿಟಾರ್ ಕತ್ತಿನ ಮೇಲಿನ ಮೂರು ಮೆಟ್ಟಿಲಿನಷ್ಟು) ಇಳಿಸಿದರು. ತಂತಿ ಸಡಿಲವಾಗಿ ಬೆರಳಿಗೆ ಆರಾಮಾಯಿತು, ಸದ್ದು ಕೆಸರಿನಂತೆ ದಪ್ಪವಾಯಿತು. ತಂಡದ ಗೀಜರ್ ಬಟ್ಲರ್ ಬೇಸನ್ನೂ (ತಗ್ಗು ದನಿಯ ಗಿಟಾರ್) ಜೊತೆಗೇ ಇಳಿಸಿದರು. ಡೂಮ್, ಸ್ಟೋನರ್, ಸ್ಲಡ್ಜ್ ಅಂತ ಇವತ್ತು ಕರೆಯುವ ಮೆಟಲ್‌ನ ಬಗೆಗಳೆಲ್ಲ ಈ ಇಳಿಸಿದ ತಂತಿಯ ಮಕ್ಕಳು. ಆಲ್ಬಮ್ ಬರೀ ಮೂವತ್ತನಾಲ್ಕು ನಿಮಿಷದ್ದು. ಶುರುವಾಗೋದು ಅಯೋಮಿಯ ಕೆಮ್ಮಿನಿಂದ, ಅದನ್ನೇ ಟೇಪ್‌ನಲ್ಲಿ ಸುತ್ತಿಸಿದ್ದಾರೆ. ನಡುವೆ ಎರಡು ಪುಟ್ಟ ಗಿಟಾರ್ ತುಣುಕು ಬರುತ್ತವೆ, ಸುಮ್ನೆ ಉಸಿರಾಡೋಕೆ.

ಭಾವ ಒಪ್ಪೋದಿಲ್ಲ, ಗೊತ್ತು. ಅವರನ್ನು ಕೂರಿಸಿ ಕೊನೆಯ ಹಾಡು 'ಇನ್‌ಟು ದ ವಾಯ್ಡ್' ಜೋರಾಗಿ ಹಾಕಿ.

ಪ್ರಶ್ನೆ: ಮೆಟಾಲಿಕಾದ '...ಆಂಡ್ ಜಸ್ಟಿಸ್ ಫಾರ್ ಆಲ್' ಕೇಳಿದರೆ ಬೇಸ್ ಕೇಳಿಸೋದೇ ಇಲ್ಲ. ನನ್ನ ಹೆಡ್‌ಫೋನ್ ಹಾಳಾಗಿದೆಯಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ. 1988ರ ಆ ಆಲ್ಬಮ್ ಬಂದದ್ದೇ ಹಾಗೆ. ಬೇಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡರು. ಆ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. ಡ್ರಮ್ಮರ್ ಲಾರ್ಸ್ ಉಲ್ರಿಕ್ ಹೇಳಿದ್ದಕ್ಕೇ ಬೇಸ್ ತಗ್ಗಿಸಿದೆ ಅಂತ ಮಿಕ್ಸಿಂಗ್ (ಎಲ್ಲ ವಾದ್ಯಗಳ ಸದ್ದು ಹೊಂದಿಸುವ ಕೆಲಸ) ಮಾಡಿದ ಸ್ಟೀವ್ ಥಾಂಪ್ಸನ್ ಆಮೇಲೆ ಹೇಳಿದ್ದಾರೆ. ಹೆಡ್‌ಫೋನ್ ಪರೀಕ್ಷೆ ಮಾಡಲೇಬೇಕು ಅಂದರೆ 'ಪಪೆಟ್ಸ್'ನ ಏಳನೇ ಟ್ರ್ಯಾಕ್ 'ಓರಿಯನ್' ಹಾಕಿ. ನಡುವೆ ಎಲ್ಲರೂ ಸುಮ್ಮನಾಗಿ ಬರ್ಟನ್ ಬೇಸ್ ಮುಂದೆ ಬರುತ್ತದೆ. ಅದೂ ಕೇಳಿಸದಿದ್ದರೆ ಹೊಸದು ತಗೊಳ್ಳಿ.