ಪರದೆಯಲ್ಲಿ ಸೊನ್ನೆ, ಮೆಮೊರಿಯಲ್ಲಿ ಬೇರೆ ಅಂಕಿ

ಪ್ರಶ್ನೆ: ನಮ್ಮ ಅಣ್ಣ ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡಿದ್ದ ಡಿಬಿ ಸ್ಪೆಕ್ಟ್ರಮ್ ಪ್ಲಸ್ (ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರಿನ ಭಾರತೀಯ ರೂಪ) ಇನ್ನೂ ನಡೆಯುತ್ತಿದೆ. ಅದರ ಒಂದು ಕ್ಯಾಸೆಟ್ಟಿನಲ್ಲಿರುವ ಬೇಸಿಕ್ ಭಾಷೆಯ ಪ್ರೋಗ್ರಾಮಿನ ಕೊನೆಯ ಸಾಲು 'ರಾಂಡಮೈಸ್ ಯುಎಸ್ಆರ್ 0' ಎಂದಿದೆ. ಕ್ಯಾಸೆಟ್ಟಿನಿಂದ ಲೋಡ್ ಮಾಡಿದರೆ ಪ್ರೋಗ್ರಾಮ್ ಸರಿಯಾಗಿ ಓಡುತ್ತದೆ. ಅದೇ ಸಾಲನ್ನು ನಾನು ಟೈಪ್ ಮಾಡಿ ಓಡಿಸಿದರೆ ಯಂತ್ರ ರೀಸೆಟ್ ಆಗುತ್ತದೆ. ಹೀಗೇಕೆ?
— ಓದುಗರೊಬ್ಬರು, ಕೊಥ್ರೂಡ್, ಪುಣೆ

ಉತ್ತರ: ನೀವು ಟೈಪ್ ಮಾಡಿದ ಸಾಲಿನಲ್ಲಿ ತಪ್ಪಿಲ್ಲ. ಯುಎಸ್ಆರ್ ಎಂದರೆ ಅದರ ಮುಂದಿನ ಸಂಖ್ಯೆ ಸೂಚಿಸುವ ಮೆಮೊರಿ ವಿಳಾಸಕ್ಕೆ ಹೋಗಿ ಅಲ್ಲಿನ ಮಷೀನ್ ಕೋಡನ್ನು (ಪ್ರೊಸೆಸರ್ ನೇರವಾಗಿ ನಡೆಸುವ ಆಜ್ಞೆಗಳನ್ನು) ಓಡಿಸು ಎಂದು, ವಿಳಾಸ 0ಕ್ಕೆ ಹೋದರೆ ಸ್ಪೆಕ್ಟ್ರಮ್ ಮೊದಲಿನಿಂದ ಶುರುವಾಗಲೇಬೇಕು. ಕ್ಯಾಸೆಟ್ಟಿನಲ್ಲಿರುವ ಸಾಲು ನಿಮಗೆ ಒಂದನ್ನು ತೋರಿಸಿ, ಯಂತ್ರಕ್ಕೆ ಇನ್ನೊಂದನ್ನು ಹೇಳುತ್ತಿದೆ. 1982ರ ಸಿಂಕ್ಲೇರ್ ಸ್ಪೆಕ್ಟ್ರಮ್‌ನ ಬೇಸಿಕ್, ಸಾಲಿನಲ್ಲಿ ಬರುವ ಪ್ರತಿ ಸಂಖ್ಯೆಯ ಅಂಕಿಗಳ ಬೆನ್ನಿಗೇ 14 ಎಂಬ ಗುರುತಿನ ಬೈಟನ್ನೂ ಆ ಸಂಖ್ಯೆಯ ಬೆಲೆಯನ್ನು ಹಿಡಿದಿಡುವ ಐದು ಬೈಟುಗಳನ್ನೂ ಸೇರಿಸಿಡುತ್ತದೆ. ಓಡುವಾಗ ಪ್ರತಿ ಸಲ ಅಂಕಿಗಳನ್ನು ಓದಿ ಪರಿವರ್ತಿಸುವ ಹೊತ್ತು ಉಳಿಯಲೆಂದು ಮಾಡಿದ ಏರ್ಪಾಡು ಇದು. ಲಿಸ್ಟ್ ಆಜ್ಞೆ ಅಂಕಿಗಳನ್ನಷ್ಟೇ ತೋರಿಸುತ್ತದೆ, ಲೆಕ್ಕಕ್ಕೆ ಬರುವುದು ಆ ಐದು ಬೈಟುಗಳು ಮಾತ್ರ. ಎರಡನ್ನೂ ಬೇರೆ ಬೇರೆಯಾಗಿಸಿ ಪ್ರೋಗ್ರಾಮಿನ ಒಳಗುಟ್ಟು ಬಚ್ಚಿಡುವುದು ಆ ಕಾಲದಲ್ಲಿ ರೂಢಿಯಲ್ಲಿದ್ದ ಉಪಾಯ. ಜಾಣತನದ್ದು ಹೌದು, ಗಟ್ಟಿಯಾದ ಬೀಗವೇನಲ್ಲ.

ಪ್ರೋಗ್ರಾಮ್ ತಾನಾಗಿ ಓಡದಂತೆ ಲೋಡ್ ಬದಲು ಮರ್ಜ್ ಆಜ್ಞೆಯಿಂದ ಅದನ್ನು ತಂದುಕೊಳ್ಳಿ. ಬಳಿಕ ಪೀಕ್ ಬಳಸಿ ಮೆಮೊರಿಯ ಒಂದೊಂದೇ ಬೈಟನ್ನು ಓದುತ್ತಾ ಹೋಗಿ. ಮೈಕ್ರೋಡ್ರೈವ್ (ಸಣ್ಣ ಟೇಪಿನ ಸಂಗ್ರಹ ಸಾಧನ) ಜೋಡಿಸಿರದ ಯಂತ್ರದಲ್ಲಿ ಬೇಸಿಕ್ ಪ್ರೋಗ್ರಾಮ್ 23755ರಿಂದ ಆರಂಭವಾಗುತ್ತದೆ. ಕೊನೆಯ ಸಾಲಿನಲ್ಲಿ 249 (ರಾಂಡಮೈಸ್), 192 (ಯುಎಸ್ಆರ್), 48, 14 ಎಂಬ ಬೈಟುಗಳು ಸಾಲಾಗಿ ಸಿಗುತ್ತವೆ. 48 ಎಂಬುದೇ ನಿಮಗೆ ಕಾಣುವ ಸೊನ್ನೆ. ಮುಂದಿನ ಐದು ಬೈಟುಗಳು, ಉದಾಹರಣೆಗೆ, 0, 0, 168, 97, 0 ಎಂದಿದ್ದರೆ, 97ನ್ನು 256ರಿಂದ ಗುಣಿಸಿ 168 ಕೂಡಿಸಿ: 25000. ಮಷೀನ್ ಕೋಡಿನ ನಿಜವಾದ ಬಾಗಿಲು ಅಲ್ಲಿದೆ. ಆ ಕೋಡನ್ನು ಓದಬಲ್ಲ ರೂಪಕ್ಕೆ ತರುವ ಡಿಸ್‌ಅಸೆಂಬ್ಲರನ್ನು ಆ ವಿಳಾಸದಿಂದಲೇ ಹಚ್ಚಿ. ಒಂದು ಎಚ್ಚರಿಕೆ: ಆ ಸಾಲನ್ನು ಎಡಿಟ್ ಮಾಡಿ ಎಂಟರ್ ಒತ್ತಿದರೆ ಯಂತ್ರ ಕಾಣುವ ಅಂಕಿಯಿಂದಲೇ ಬೆಲೆಯನ್ನು ಹೊಸದಾಗಿ ಕಟ್ಟುತ್ತದೆ, ಬಚ್ಚಿಟ್ಟ ವಿಳಾಸ ಅಳಿದುಹೋಗುತ್ತದೆ.

ಪ್ರಶ್ನೆ: ಹಳೆಯ ಸ್ಪೆಕ್ಟ್ರಮ್ ಪ್ರೋಗ್ರಾಮುಗಳಲ್ಲಿ ಸೊನ್ನೆಯ ಬದಲು 'ನಾಟ್ ಪೈ' ಎಂದು ಬರೆದಿರುವುದೂ ಕಣ್ಣುಕಟ್ಟೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಲ್ಲ, ಅದು ಮೆಮೊರಿಯ ಮಿತವ್ಯಯ. ಮೇಲೆ ಹೇಳಿದ ಆರು ಬೈಟುಗಳೂ ಸೇರಿ ಒಂದು ಸೊನ್ನೆಗೆ ಏಳು ಬೈಟು ಬೇಕು. ನಾಟ್ ಮತ್ತು ಪೈ ತಲಾ ಒಂದೇ ಬೈಟಿನವು, ಪೈ ಸೊನ್ನೆಯಲ್ಲದ್ದರಿಂದ 'ನಾಟ್ ಪೈ'ಯ ಬೆಲೆ ಸೊನ್ನೆ. 25000 ಎಂಬುದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ವ್ಯಾಲ್ (ಉದ್ಧರಣೆಯೊಳಗಿನ ಅಂಕಿಗಳನ್ನು ಸಂಖ್ಯೆಯಾಗಿಸುವ ಆಜ್ಞೆ) ಜೊತೆ ಬರೆದರೆ ಹನ್ನೊಂದರ ಬದಲು ಎಂಟು ಬೈಟು ಸಾಕು, ಆದರೆ ಓಡುವಾಗಲೆಲ್ಲ ಅಂಕಿಗಳನ್ನು ಮತ್ತೆ ಪರಿವರ್ತಿಸಬೇಕಾಗುವುದರಿಂದ ಲೂಪಿನೊಳಗೆ ಇದು ತಕ್ಕುದಲ್ಲ.