ಹಳೆಯ ಬಿಎಂಡಬ್ಲ್ಯುವೋ, ಹಳೆಯ ಮರ್ಸಿಡಿಸ್ಸೋ?

ಪ್ರಶ್ನೆ: ನಾನು ಗದಗಿನ ಕಾಳುಕಡಿ ವ್ಯಾಪಾರಿ. ವಾರಕ್ಕೆ ಮೂರು ದಿನ ಅಣ್ಣಿಗೇರಿ ಮಾರ್ಗವಾಗಿ ಹುಬ್ಬಳ್ಳಿ ಎಪಿಎಂಸಿಗೆ ಹೋಗಿಬರುತ್ತೇನೆ. 2009ರ ಬಿಎಂಡಬ್ಲ್ಯು 520ಡಿ ಮತ್ತು ಅದೇ ವರ್ಷದ ಮರ್ಸಿಡಿಸ್ ಇ220 ಸಿಡಿಐ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿವೆ. ಓಡಿಸಲು ಯಾವುದು ಚೆನ್ನ, ಇಟ್ಟುಕೊಂಡು ಸಾಕಲು ಯಾವುದು ಹಗುರ?

ಉತ್ತರ: ಬರೀ ಓಡಿಸುವ ಸುಖದ ಮಾತಾದರೆ ಬಿಎಂಡಬ್ಲ್ಯುವೇ ಮೇಲು. ಅದರ ಎಂಜಿನ್ 177 ಅಶ್ವಶಕ್ತಿಯದು, ಮರ್ಸಿಡಿಸ್‌ನದು 170. ಆದರೆ ಟಾರ್ಕ್, ಅಂದರೆ ಎಳೆಯುವ ಬಲ, ನೋಡಿದರೆ ಮರ್ಸಿಡಿಸ್ 400 ನ್ಯೂಟನ್ ಮೀಟರ್ ಕೊಡುತ್ತದೆ, ಬಿಎಂಡಬ್ಲ್ಯು 350. ಹೀಗಾಗಿ ಲಾರಿಯನ್ನು ಹಿಂದೆ ಹಾಕುವಾಗ ಎರಡಕ್ಕೂ ದೊಡ್ಡ ಅಂತರ ಕಾಣುವುದಿಲ್ಲ. ತಿರುವಿನಲ್ಲಿ, ಸ್ಟಿಯರಿಂಗ್ ಹಿಡಿದ ಕೈಗೆ ಮಾತ್ರ ಬಿಎಂಡಬ್ಲ್ಯುವಿನ ಹಿರಿಮೆ ಗೊತ್ತಾಗುತ್ತದೆ.

ಆದರೆ ನಿಮ್ಮ ದಾರಿ ಎರೆ ಭೂಮಿಯ ಮೇಲಿನದು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಆ ಮಣ್ಣಿನ ಮೇಲೆ ಡಾಂಬರು ಎಷ್ಟು ಸಲ ಹಾಕಿದರೂ ರಸ್ತೆ ಅಲೆಅಲೆಯಾಗಿಯೇ ಇರುತ್ತದೆ. ಬಿಎಂಡಬ್ಲ್ಯುವಿಗೆ ಕಂಪನಿಯಿಂದ ಬರುವ, ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲ್ಯಾಟ್ ಟೈರುಗಳ ಪಕ್ಕೆ ಗಟ್ಟಿಯಾದ್ದರಿಂದ ಪ್ರತಿಯೊಂದು ಹೊಡೆತವೂ ಸೀಟಿನವರೆಗೆ ಬರುತ್ತದೆ. ಮೇಲಾಗಿ ಅದರಲ್ಲಿ ಸ್ಟೆಪ್ನಿ ಇರುವುದಿಲ್ಲ. ಮರ್ಸಿಡಿಸ್ ಇಂಥ ರಸ್ತೆಯನ್ನು ಮೆತ್ತಗೆ ನುಂಗಿಕೊಳ್ಳುತ್ತದೆ.

ಇನ್ನು ಮುಖ್ಯ ವಿಷಯ, ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಸರಪಳಿ. ಆ ಕಾಲದ 520ಡಿಯ ಎನ್47 ಎಂಜಿನ್ನಿನಲ್ಲಿ ಚೈನ್ ಮುಂಭಾಗದಲ್ಲಿಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆಗಿದೆ. ಚೈನೂ ಅದನ್ನು ಜಾಗದಲ್ಲಿ ಹಿಡಿದಿಡುವ ಗೈಡುಗಳೂ ಬೇಗ ಸವೆಯುವುದು ಈ ಎಂಜಿನ್ನಿನ ಹೆಸರಾಂತ ದೋಷ. ಬದಲಿಸಬೇಕೆಂದರೆ ಸಾಮಾನ್ಯವಾಗಿ ಎಂಜಿನ್ ಕೆಳಗಿಳಿಸಬೇಕಾಗುತ್ತದೆ. ಓಡುವಾಗ ಕಡಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಮರ್ಸಿಡಿಸ್‌ನ ಚೈನಿಗೆ ಇಷ್ಟು ಅಪಖ್ಯಾತಿ ಇಲ್ಲ. ಅದರ ಕಾಯಿಲೆ ಬೇರೆ: ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸವೆದು ಹೊಗೆ ಸೋರಿ, ಸುತ್ತಲೂ ಡಾಂಬರಿನಂಥ ಕರಿ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ. ಎಂಜಿನ್ ಮೇಲಿನ ಕವರ್ ತೆಗೆಸಿದರೆ ಅದು ಕಣ್ಣಿಗೇ ಕಾಣುತ್ತದೆ. ಬೇಗ ಗಮನಿಸಿದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.

ಗಾಡಿಯನ್ನು ಬೆಳಗಿನ ಜಾವ, ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಿರಿ. ಹಿಂದೊಮ್ಮೆ ಗೆಳೆಯರೊಬ್ಬರ ಜೊತೆ ಹಳೆಯ ಕಾರು ನೋಡಲು ಧಾರವಾಡಕ್ಕೆ ಹೋದಾಗ, ನಾವು ತಲುಪುವ ಮೊದಲೇ ಮಾರುವವರು ಅದನ್ನು ಚಾಲೂ ಮಾಡಿ ಇಟ್ಟಿದ್ದರು. ಬಾನೆಟ್ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ನಾವು ಮರುದಿನ ಹೇಳದೆ ಹೋದೆವು. ಆಗ ಕೇಳಿಸಿದ ಕಟಕಟ ಸದ್ದು ಗೆಳೆಯರ ಹಣವನ್ನು ಉಳಿಸಿತು. ಬಿಎಂಡಬ್ಲ್ಯುವಿನಲ್ಲಿ ಚೈನ್ ಹಿಂದಿರುವುದರಿಂದ ಬಾನೆಟ್ಟಿನ ಹಿಂಬದಿಗೆ, ಗಾಜಿನ ಕಡೆಗೆ ಕಿವಿಗೊಡಿರಿ.

ಕಾಗದಪತ್ರಗಳಲ್ಲಿ, 15 ವರ್ಷದ ನೋಂದಣಿ ಮುಗಿದಿರುವುದರಿಂದ ಆರ್‌ಸಿ ಮುಂದಿನ 5 ವರ್ಷಕ್ಕೆ ನವೀಕರಣವಾಗಿದೆಯೇ, ಹಸಿರು ತೆರಿಗೆ ಕಟ್ಟಿದ್ದಾರೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿರಿ.

ನಿಮ್ಮ ಓಡಾಟಕ್ಕೆ ನಾನು ಮರ್ಸಿಡಿಸ್ಸನ್ನೇ ಹೇಳುತ್ತೇನೆ. ಬಿಎಂಡಬ್ಲ್ಯುವೇ ಮನಸ್ಸಿಗೆ ಬಂದಿದ್ದರೆ, ಚೈನ್ ಬದಲಿಸಿದ ಬಿಲ್ಲನ್ನು ಕೇಳಿ ಪಡೆದು, ಅದರ ಮೇಲಿನ ಚಾಸಿಸ್ ನಂಬರು ಗಾಡಿಯದಕ್ಕೆ ತಾಳೆಯಾದರೆ ಮಾತ್ರ ವ್ಯವಹಾರ ಮುಂದುವರಿಸಿರಿ.