ತಾಂಡಾದ ಹುಡುಗಿಯರ ಪಟ್ಟಿ ದಸರೆಗೆ ಮೊದಲೇ ಆಗಲಿ

ಓದುಗರ ಪತ್ರ: ‘ಪುಸ್ತಕ, ಸಮವಸ್ತ್ರ, ಬಿಸಿಯೂಟ, ಮೊಟ್ಟೆ ಎಲ್ಲವೂ ಪುಕ್ಕಟೆ. ಆದರೂ ನಮ್ಮೂರ ಪಕ್ಕದ ಲಂಬಾಣಿ ತಾಂಡಾದ ಹುಡುಗಿಯರು ಆರು, ಏಳನೇ ತರಗತಿಗೇ ಶಾಲೆ ಬಿಡುತ್ತಾರೆ. ತಂದೆ-ತಾಯಿಗೇ ಬೇಡವಾದರೆ ಯಾರೇನು ಮಾಡಲು ಸಾಧ್ಯ?’ (ವಿಜಯಪುರ ಜಿಲ್ಲೆಯಿಂದ ಒಬ್ಬ ಓದುಗರು)

ಸಂಪಾದಕರ ಉತ್ತರ:

ತಂದೆ-ತಾಯಿಗೆ ಬೇಡವಾಗಿದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಶಾಲೆಯ ಹಾಜರಿ ಪುಸ್ತಕ ತೆರೆದು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಪ್ಪದೆ ಬಂದ ಹುಡುಗಿ ದಸರಾ ರಜೆಯ ನಂತರ ಕಾಣದೆ, ಯುಗಾದಿ ಹೊತ್ತಿಗೆ ಮರಳಿದ್ದರೆ ಅದು ಕಬ್ಬಿನ ಹಂಗಾಮಿನ ಲೆಕ್ಕ. ಸಕ್ಕರೆ ಕಾರ್ಖಾನೆಗಳು ಅಕ್ಟೋಬರ್-ನವೆಂಬರ್‌ನಲ್ಲಿ ಕಬ್ಬು ನುರಿಸಲು ಶುರು ಮಾಡಿ ಮಾರ್ಚ್-ಏಪ್ರಿಲ್‌ಗೆ ನಿಲ್ಲಿಸುತ್ತವೆ. ಶಾಲಾ ವರ್ಷದ ಎರಡನೇ ಅರ್ಧ ಅಷ್ಟರಲ್ಲಿ ಮುಗಿದಿರುತ್ತದೆ.

ಕೂಲಿಗಳನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ಪಡೆದು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಗಂಡ-ಹೆಂಡತಿ ಸೇರಿದರೆ ಒಂದು ‘ಕೊಯ್ತಾ’, ಅಂದರೆ ಕಬ್ಬು ಕಡಿಯುವ ಒಂದು ಜೋಡಿ. ನಸುಕಿಗೇ ಇಬ್ಬರೂ ಫಡಕ್ಕೆ (ಕಬ್ಬು ಕಡಿಯುವ ಹೊಲಕ್ಕೆ) ಹೋದರೆ ಗುಡಿಸಲಲ್ಲಿ ಕೂಸು ನೋಡಲು, ನೀರು ತರಲು, ರೊಟ್ಟಿ ಬಡಿಯಲು ಒಬ್ಬರು ಬೇಕು. ಅಣ್ಣನನ್ನು ಅಜ್ಜಿಯ ಬಳಿ ಬಿಟ್ಟು ಹನ್ನೊಂದು ವರ್ಷದ ತಂಗಿಯನ್ನು ಕರೆದೊಯ್ಯುವುದು ಇದಕ್ಕೇ. ದೊಡ್ಡವಳಾದ ಮೇಲೆ ಅವಳನ್ನು ಗುಡಿಸಲಲ್ಲಿ ಒಂಟಿಯಾಗಿ ಬಿಡಲೂ ಭಯ, ತಾಂಡಾದಲ್ಲಿ ಬಿಟ್ಟು ಹೋಗಲೂ ಭಯ. ಆ ಭಯವೇ ಮದುವೆಗೆ ಅವಸರ ಮಾಡುತ್ತದೆ. ಮದುವೆಯಾದರೆ ಇನ್ನೊಂದು ಕೊಯ್ತಾ ಸಿದ್ಧ.

ಆದ್ದರಿಂದ ಜೂನ್‌ನ ದಾಖಲಾತಿ ಆಂದೋಲನ ಈ ಹುಡುಗಿಯರಿಗೆ ಹೆಚ್ಚು ಉಪಯೋಗವಿಲ್ಲ. ಆಗ ಅವರು ಶಾಲೆಯಲ್ಲೇ ಇರುತ್ತಾರೆ. ಕೆಲಸ ಆಗಬೇಕಾದ್ದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಯಾವ ಮನೆ ಮುಂಗಡ ಪಡೆದಿದೆ, ಯಾವ ಮಗು ಹೊರಡಲಿದೆ, ಮನೆಯಲ್ಲಿ ಉಳಿಯುವ ಹಿರಿಯರು ಯಾರು ಎಂಬುದು ತಾಂಡಾದ ಹೆಂಗಸರಿಗೆ ಗೊತ್ತಿರುತ್ತದೆ. ಆ ಪಟ್ಟಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯ ನಡಾವಳಿಯಲ್ಲಿ ಬರೆಸಿ, ಹಂಗಾಮು ಮುಗಿಯುವವರೆಗೆ ಮಕ್ಕಳು ಊರಲ್ಲೇ ಉಳಿಯಲು ವಸತಿ ವ್ಯವಸ್ಥೆ ಬೇಕೆಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರ ದೂರನ್ನು ಮೂರು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ದೀಪಾವಳಿಗೆ ಕೊಟ್ಟ ದೂರಿಗೆ ಉತ್ತರ ಬರುವಷ್ಟರಲ್ಲಿ ಹಂಗಾಮಿನ ಬಹುಪಾಲು ಕಳೆದಿರುತ್ತದೆ.

ಅಜ್ಜಿಯ ಬಳಿ ಉಳಿಯುವ ಹುಡುಗಿಗೆ ರಾತ್ರಿ ಊಟ ಎಲ್ಲಿಂದ ಎಂಬುದನ್ನು ಮೊದಲು ಕೇಳಿ. ಒಂದು ರಾಷ್ಟ್ರ, ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ತಂದೆ-ತಾಯಿ ತಮ್ಮ ಪಾಲನ್ನು ಅಲ್ಲೇ ಪಡೆದು, ಉಳಿದದ್ದನ್ನು ಊರಿನಲ್ಲಿರುವವರು ಎತ್ತಬಹುದು. ಇದು ಗೊತ್ತಿಲ್ಲದೆಯೇ ಎಷ್ಟೋ ಮನೆಯವರು ಮಗುವನ್ನೂ ಗಾಡಿ ಹತ್ತಿಸುತ್ತಾರೆ.

ಹೋಗುವುದು ತಪ್ಪದಿದ್ದರೆ ವರ್ಗಾವಣೆ ಪತ್ರ ಕೈಗೆ ಕೊಟ್ಟೇ ಕಳಿಸಿ. 5ನೇ ಕಲಂ ಪ್ರಕಾರ ರಾಜ್ಯದ ಒಳಗೆ ಹೋದರೂ ಹೊರಗೆ ಹೋದರೂ ಅದನ್ನು ತಕ್ಷಣ ಕೊಡಬೇಕು. ಅದು ತಡವಾಯಿತೆಂದು ಅಲ್ಲಿನ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಮಕ್ಕಳಿಗೆ ಮರಾಠಿಯದೇ ದೊಡ್ಡ ತೊಡಕು. ಆದರೆ ಮಹಾರಾಷ್ಟ್ರದ ಗಡಿಭಾಗದ ಜತ್ತ, ಅಕ್ಕಲಕೋಟೆ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಬಿಡಾರ ಆ ಭಾಗದಲ್ಲಿ ಬೀಳುತ್ತದೆಯೇ ಎಂದು ಮುಕಾದಮನನ್ನೇ ಕೇಳಬಹುದು.

ಮರಳಿ ಬಂದವಳನ್ನು ಸುಮ್ಮನೆ ಹಿಂದಿನ ಬೆಂಚಿಗೆ ಕೂರಿಸಿದರೆ ಅವಳು ಮುಂದಿನ ವರ್ಷ ಬರುವುದಿಲ್ಲ. ಪಾಠ ತಪ್ಪಿದ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೇ ಕಲಂ ಹೇಳುತ್ತದೆ. ಹದಿನಾಲ್ಕು ದಾಟಿದರೂ ಎಂಟನೇ ತರಗತಿ ಮುಗಿಸುವವರೆಗೆ ಶಿಕ್ಷಣ ಉಚಿತ. ‘ವಯಸ್ಸು ಮೀರಿತು’ ಎಂದು ಕಳಿಸಿಬಿಡುವುದು ಕಾನೂನಿಗೆ ವಿರುದ್ಧ. ಮನೆಯಲ್ಲಿ ಗೋರ್ ಬೋಲಿ (ಲಂಬಾಣಿ ಭಾಷೆ) ಆಡುವ ಒಂದನೇ ತರಗತಿ ಮಗುವಿಗೆ ತಾಂಡಾದ ಕಲಿತ ಹೆಣ್ಣುಮಗಳೊಬ್ಬಳು ಮೊದಲ ತಿಂಗಳು ಜೊತೆಗಿದ್ದರೂ ಬಹಳ ಬದಲಾವಣೆ ಆಗುತ್ತದೆ.

ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಎಂಬ ವಸತಿ ಶಾಲೆಗಳು 2004ರಲ್ಲಿ ಶುರುವಾದದ್ದು ಇಂಥ ಹುಡುಗಿಯರಿಗಾಗಿಯೇ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಹುಡುಗಿಯರಿಗೆ ಶೇಕಡಾ 75ರಷ್ಟು ಸೀಟು. ಪ್ರವೇಶ ಆರನೇ ತರಗತಿಗೆ ಆಗುವುದರಿಂದ ಮನೆಯವರೊಡನೆ ಮಾತು ಐದನೇ ತರಗತಿಯಲ್ಲೇ ಆಗಬೇಕು. ಏಳನೆಯದರಲ್ಲಿ ಓಡಾಡುವುದು ತಡವಾಯಿತು. ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಆಗಲೇ ನೋಡಿ. ಒಂದು ಕಡೆ ‘ಬಾಯಿ’ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ವಿದ್ಯಾರ್ಥಿವೇತನ ನಿಲ್ಲುತ್ತದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವುದೂ ತಂದೆ-ತಾಯಿ ಊರಲ್ಲಿರುವಾಗಲೇ ಆಗಬೇಕಾದ ಕೆಲಸ.

ಶೌಚಾಲಯ ಇದೆಯೇ ಎಂದಷ್ಟೇ ಕೇಳಬೇಡಿ. ಒಳಗಿನ ಚಿಲಕ, ನೀರು, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಮೂರೂ ಇರಬೇಕು. ಯಾವುದೊಂದು ಇಲ್ಲದಿದ್ದರೂ ಮುಟ್ಟಿನ ದಿನಗಳಲ್ಲಿ ಗೈರುಹಾಜರಿ ಖಂಡಿತ.

ಪ್ರೌಢಶಾಲೆಗೆ ಮುಖ್ಯ ಅಡ್ಡಿ ದಾರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೂ ಬಸ್ ಪ್ರಯಾಣ ಉಚಿತ. ಆದರೆ ಬಸ್ಸು ತಾಂಡಾದ ಕ್ರಾಸ್‌ನಲ್ಲಿ ನಿಲ್ಲದಿದ್ದರೆ ಏನು ಬಂತು? ಬೆಳಗಿನ ಪ್ರಾರ್ಥನೆಗೆ ಮುಟ್ಟಿಸುವ, ಸಂಜೆ ಕತ್ತಲಾಗುವ ಮೊದಲು ಮರಳಿಸುವ ಎರಡು ಟ್ರಿಪ್ ಸಾಕು. ಹುಡುಗಿಯರ ಹೆಸರು, ತರಗತಿ, ಕ್ರಾಸ್‌ನಿಂದ ಶಾಲೆಗಿರುವ ದೂರ ಬರೆದು, ಮುಖ್ಯೋಪಾಧ್ಯಾಯರ ಸಹಿ ಮತ್ತು ಗ್ರಾಮ ಪಂಚಾಯಿತಿ ಠರಾವಿನೊಂದಿಗೆ ಡಿಪೊ ವ್ಯವಸ್ಥಾಪಕರಿಗೆ ಕೊಡಿ. ನಡುವೆ ಎಲ್ಲಾದರೂ ಮದುವೆಯ ಮಾತು ಕಿವಿಗೆ ಬಿದ್ದರೆ ಚಪ್ಪರ ಹಾಕುವವರೆಗೆ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.